ಮೇಲಿನ ಬೆಟ್ಟದ ಹೊದಿಕೆ, ಕೆಳಗಿನ ತೋಟದ ತೇವ



ಸಂಘದ ಕಛೇರಿಗೆ ಸುಣ್ಣಕ್ಕೋ ಮೈಲುತುತ್ತಕ್ಕೋ ಬಂದವರು ಕುಳಿತು ಎರಡು ಮಾತನಾಡಿದರೆ ಮೂರನೆಯದು ನೀರಿನ ಮಾತೇ ಆಗಿರುತ್ತದೆ. ಯುಗಾದಿಯವರೆಗೂ ಹರಿಯುತ್ತಿದ್ದ ಅಬ್ಬಿ ಶಿವರಾತ್ರಿಗೇ ನಿಂತಿತೆಂದು ಒಬ್ಬರು ಹೇಳಿದರೆ, ಕೆರೆಯ ಒರತೆ ಕಣ್ಣು ಮುಚ್ಚಿತೆಂದು ಮತ್ತೊಬ್ಬರು ಹೇಳುತ್ತಾರೆ. ಮಳೆ ಕಡಿಮೆಯಾಯಿತು ಎಂಬಲ್ಲಿಗೆ ಮಾತು ಮುಗಿಯುತ್ತದೆ. 2023ರಲ್ಲಿ ಮಳೆ ಕೈಕೊಟ್ಟದ್ದು ನಿಜ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ಮುಂದಿನ ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ಟ್ಯಾಂಕರಿನಲ್ಲಿ ನೀರು ತರಿಸಿದವರೂ ಇದ್ದರು. ಆದರೆ ಒಂದೇ ಮಳೆ ಬೀಳುವ ಒಂದೇ ಹಳ್ಳದ ಎರಡು ಮಗ್ಗುಲಲ್ಲಿ, ಒಂದು ಕಡೆ ಮಾರ್ಚಿಯಲ್ಲೂ ಹಿಡಿ ಮಣ್ಣು ಉಂಡೆ ಕಟ್ಟುತ್ತದೆ, ಇನ್ನೊಂದು ಕಡೆ ಜನವರಿಯಲ್ಲೇ ಪುಡಿಯಾಗಿ ಉದುರುತ್ತದೆ. ಇದಕ್ಕೆ ಮಳೆಯನ್ನು ದೂರಿ ಫಲವಿಲ್ಲ. ವ್ಯತ್ಯಾಸವಿರುವುದು ನೆಲದ ಮೇಲೆ ಹೊದ್ದಿರುವ ವಸ್ತುವಿನಲ್ಲಿ.

ಈ ವಿಷಯವನ್ನು ಈಗಲೇ ಎತ್ತಲು ಕಾರಣವಿದೆ. ಈ ಸಾಲಿನಲ್ಲಿ ಸಾಲಕ್ಕೆ ಬಂದಿರುವ ಅರ್ಜಿಗಳಲ್ಲಿ ಬಹಳಷ್ಟು ಹೊಸ ಅಡಿಕೆ ಹಾಕುವವರವು. ಗದ್ದೆಯಲ್ಲಿ ಜಾಗ ಮುಗಿಯಿತು, ಇನ್ನು ತೋಟದ ಮೇಲಿನ ಇಳಿಜಾರನ್ನು ಯಂತ್ರ ಕರೆಸಿ ಬಿಡಿಸುವುದೆಂದು ಹಲವರ ಯೋಚನೆ. ಕಾಫಿಯವರು ಕಾಡುಮರ ತೆಗೆದು ಸಿಲ್ವರ್ ಹಾಕುವ ಉತ್ಸಾಹದಲ್ಲಿದ್ದಾರೆ. ಮಾಡಬಾರದೆಂದು ಹೇಳುವ ಅಧಿಕಾರ ಕಾರ್ಯದರ್ಶಿಗಿಲ್ಲ. ಮಾಡುವ ಮೊದಲು ಒಂದು ಲೆಕ್ಕ ನೋಡಿರೆಂದು ಹೇಳಬಹುದು.

ಒಂದು ಅಂಗುಲದ ತೂಕ

ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೆ ತುಸು ಹೆಚ್ಚು ನೀರು. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಉಳಿದ ಲೆಕ್ಕವೆಲ್ಲ ಬಾಯಲ್ಲೇ ಆಗುತ್ತದೆ. ನೂರು ಅಂಗುಲ ಮಳೆಯ ಊರಿನಲ್ಲಿ ಎಕರೆಗೆ ಒಂದು ಕೋಟಿ ಲೀಟರ್ ಬಿತ್ತು.

ಈಗ ತೋಟದ ಬೇಡಿಕೆ ನೋಡೋಣ. ಹನಿ ನೀರಾವರಿಯಲ್ಲಿ ಫಲ ಕೊಡುವ ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಎಂಬುದು ವಿಟ್ಲದ ಸಂಶೋಧನಾ ಕೇಂದ್ರದ ಶಿಫಾರಸು. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ. ಮರಕ್ಕೆ 18 ಲೀಟರಿನಂತೆ ದಿನಕ್ಕೆ ಹತ್ತು ಸಾವಿರ ಲೀಟರಿನ ಹತ್ತಿರ ಬಂತು. ಜನವರಿ ಕೊನೆಯಿಂದ ಮೇ ಕೊನೆಯವರೆಗೆ 120 ದಿನಕ್ಕೆ ಹನ್ನೆರಡು ಲಕ್ಷ ಲೀಟರ್. ಅಂದರೆ ಎಕರೆ ತೋಟದ ಬೇಸಿಗೆಯ ಬಾಯಾರಿಕೆ ಹನ್ನೆರಡು ಅಂಗುಲ ಮಳೆಗೆ ಸಮ. ಬೀಳುವುದು ನೂರು, ಬೇಕಾದದ್ದು ಹನ್ನೆರಡು. ಆದರೂ ನಮಗೆ ನೀರಿಲ್ಲ! ಮಳೆಯ ನೀರು ಜೂನ್, ಜುಲೈಯಲ್ಲಿ ಬಂದು ತುಂಗೆಯನ್ನೋ ಭದ್ರೆಯನ್ನೋ ಸೇರಿ ಹೋಯಿತು. ಅದರ ಸಣ್ಣ ಪಾಲನ್ನು ಏಳೆಂಟು ತಿಂಗಳು ಹಿಡಿದಿಡುವ ಉಗ್ರಾಣವೆಂದರೆ ನಿಮ್ಮ ತೋಟದ ಮಣ್ಣು ಮತ್ತು ಅದರ ಮೇಲಿನ ಬೆಟ್ಟದ ಮಣ್ಣು.

ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣು, ಕೆಂಪು ಗೋಡು ಮಣ್ಣು ಒಂದು ಅಡಿ ಆಳದಲ್ಲಿ ಗಿಡದ ಬೇರಿಗೆ ಸಿಗುವಂತೆ ಹಿಡಿದಿಡುವ ನೀರು ಸುಮಾರು ಒಂದರಿಂದ ಒಂದೂವರೆ ಅಂಗುಲ. ಹರಳು ಹೆಚ್ಚಿದ್ದರೆ ಇನ್ನೂ ಕಡಿಮೆ. ಬೇರಿನ ಮಟ್ಟ ದಾಟಿ ಕೆಳಗೆ ಇಳಿದ ನೀರು ಕಲ್ಲಿನ ಮೇಲೆ ನಿಧಾನವಾಗಿ ಜಾರುತ್ತಾ ತಿಂಗಳುಗಟ್ಟಲೆ ಕಳೆದು ನಿಮ್ಮ ಅಬ್ಬಿಯಲ್ಲಿಯೋ ಕೆರೆಯ ಒರತೆಯಲ್ಲಿಯೋ ಹೊರಬರುತ್ತದೆ. ಮೂರು ಎಕರೆ ಬೆಟ್ಟವು ಮಳೆಗಾಲದಲ್ಲಿ ಈಗಿರುವುದಕ್ಕಿಂತ ನಾಲ್ಕು ಅಂಗುಲ ಹೆಚ್ಚು ನೀರನ್ನು ಒಳಗೆ ಬಿಟ್ಟುಕೊಂಡಿತೆಂದು ಇಟ್ಟುಕೊಳ್ಳಿ. ಹನ್ನೆರಡು ಲಕ್ಷ ಲೀಟರ್ ಆಯಿತು. ಅಷ್ಟೂ ನಿಮಗೇ ಬರುವುದಿಲ್ಲ, ಸ್ವಲ್ಪ ಮರ ಕುಡಿಯುತ್ತದೆ, ಸ್ವಲ್ಪ ನೆರೆಯವರ ಬಾವಿಗೆ ಹೋಗುತ್ತದೆ. ಅರ್ಧ ಬಂದರೂ ಎರಡು ತಿಂಗಳ ನೀರು.

ಜಮಾ ಬದಿ

ಮಣ್ಣಿನ ತೇವಕ್ಕೂ ಸಂಘದ ಖಾತೆಯಂತೆ ಜಮಾ ಖರ್ಚುಗಳಿವೆ. ಮಳೆಯಲ್ಲಿ ಎಷ್ಟು ನೆಲದೊಳಗೆ ಹೋಯಿತು ಎಂಬುದು ಜಮಾ. ಎಷ್ಟು ಆರಿ ಹೋಯಿತು, ಎಷ್ಟನ್ನು ಗಿಡಮರ ಕುಡಿದವು ಎಂಬುದು ಖರ್ಚು. ನೆಲದ ಹೊದಿಕೆ ಬದಲಾದಾಗ ಈ ಎರಡೂ ಬದಿಯ ಅಂಕಿಗಳು ಬದಲಾಗುತ್ತವೆ. ಒಂದೇ ಬದಿ ನೋಡಿ ತೀರ್ಮಾನಿಸುವುದರಿಂದಲೇ "ಮರ ಇದ್ದರೆ ನೀರು" ಎನ್ನುವವರಿಗೂ "ಮರ ನೀರು ಕುಡಿಯುತ್ತದೆ" ಎನ್ನುವವರಿಗೂ ಜಗಳ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ.

ಜಮಾ ಹೇಗಾಗುತ್ತದೆ? ಬರಿ ನೆಲದ ಮೇಲೆ ಆರಿದ್ರಾ ಮಳೆಯ ದಪ್ಪ ಹನಿ ಬಿದ್ದಾಗ ಮಣ್ಣಿನ ಹರಳು ಒಡೆದು ನುಣ್ಣನೆಯ ಕಣ ಮೇಲೇಳುತ್ತದೆ. ಆ ಕಣ ಹೋಗಿ ಕೂರುವುದು ಮಣ್ಣಿನ ಸಣ್ಣ ರಂಧ್ರಗಳಲ್ಲಿ. ಸಗಣಿ ಸಾರಿಸಿದ ಅಂಗಳದಂತೆ ನೆಲ ಮುಚ್ಚಿಕೊಳ್ಳುತ್ತದೆ. ಮುಂದೆ ಎಷ್ಟು ಸುರಿದರೂ ನೀರು ಮೇಲೆಯೇ ಓಡುತ್ತದೆ, ಓಡುವಾಗ ಮೇಲ್ಮಣ್ಣನ್ನೂ ಹೊತ್ತೊಯ್ಯುತ್ತದೆ. ಹಳ್ಳ ಕೆಂಪಾಗಿ ಹರಿದರೆ ಮೇಲೆ ಎಲ್ಲೋ ನೆಲ ಬೆತ್ತಲಾಗಿದೆ ಎಂದರ್ಥ. ಅದೇ ನೆಲದ ಮೇಲೆ ಮೂರು ನಾಲ್ಕು ಅಂಗುಲ ದರಗು ಇದ್ದರೆ ಹನಿಯ ಪೆಟ್ಟನ್ನು ಎಲೆ ತಡೆಯುತ್ತದೆ. ಅಡಿಯಲ್ಲಿ ಎರೆಹುಳು, ಗೆದ್ದಲು, ಕೊಳೆತ ಬೇರುಗಳು ಕೊರೆದ ದಾರಿ ತೆರೆದಿರುತ್ತದೆ, ನೀರು ಅದರಲ್ಲಿ ಇಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ, ಹನಿಯ ಪೆಟ್ಟು ತಡೆಯುವ ಕೆಲಸವನ್ನು ಎತ್ತರದ ಮರಕ್ಕಿಂತ ನೆಲಕ್ಕೆ ಅಂಟಿದ ಹೊದಿಕೆ ಚೆನ್ನಾಗಿ ಮಾಡುತ್ತದೆ. ಐವತ್ತು ಅಡಿ ಮೇಲಿನ ಎಲೆಯಿಂದ ತೊಟ್ಟಿಕ್ಕುವ ದಪ್ಪ ಹನಿ ಬರಿ ನೆಲಕ್ಕೆ ಮಳೆಯ ಹನಿಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಜೋರಾಗಿ ಬಡಿಯುತ್ತದೆ. ಮರವಿದ್ದೂ ಅಡಿ ಗುಡಿಸಿದಂತಿದ್ದರೆ ಜಮಾ ಬದಿಗೆ ಹೆಚ್ಚೇನೂ ಬರದು.

ಇದನ್ನು ನಮ್ಮ ಘಟ್ಟದಲ್ಲೇ ಅಳೆದು ನೋಡಿದ್ದಾರೆ. ಮೈಕ್ ಬೊನೆಲ್, ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಉತ್ತರ ಕನ್ನಡದಲ್ಲಿ ಒಳ್ಳೆಯ ಕಾಡು, ಹಾಳಾದ ಕಾಡು ಮತ್ತು ಅಕೇಶಿಯಾ ನೆಡುತೋಪುಗಳನ್ನು ಹೋಲಿಸಿ 2010 ಮತ್ತು 2013ರಲ್ಲಿ ವರದಿ ಪ್ರಕಟಿಸಿದರು. ಮೇಲ್ಮಣ್ಣಿನಲ್ಲಿ ನೀರು ಇಳಿಯುವ ವೇಗ ಒಳ್ಳೆಯ ಕಾಡಿನಲ್ಲಿ ಹೆಚ್ಚು, ದನ ತುಳಿದು ಸೊಪ್ಪು ಸೌದೆ ತೆಗೆದ ಕಾಡಿನಲ್ಲಿ ಬಹಳ ಕಡಿಮೆ. ಮಳೆಯೊಡನೆ ಥಟ್ಟನೆ ಓಡಿಹೋದ ನೀರು ಹಾಳಾದ ಕಾಡಿನಲ್ಲಿ ಹೆಚ್ಚು, ಒಳ್ಳೆಯ ಕಾಡಿನಲ್ಲಿ ಕಡಿಮೆ. ಅಕೇಶಿಯಾ ಎರಡರ ನಡುವೆ. ಮರ ನೆಟ್ಟ ಮಾತ್ರಕ್ಕೆ ಹತ್ತಿಪ್ಪತ್ತು ವರ್ಷದಲ್ಲಿ ನೆಲ ಹಳೆಯ ಸ್ಥಿತಿಗೆ ಬರುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಯಂತ್ರ ಓಡಾಡಿ ಗಟ್ಟಿಯಾದ ನೆಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮಳೆ ಬಿದ್ದು ಹಸಿಯಾದ ನೆಲದಲ್ಲಿ ಯಂತ್ರ ಬಿಟ್ಟರಂತೂ ಆ ಗಟ್ಟಿತನ ಹಲವು ವರ್ಷ ಬಿಡದು.

ಖರ್ಚಿನ ಬದಿ

ಜಮಾ ಚೆನ್ನಾಗಿದ್ದರೂ ಖರ್ಚು ಅದನ್ನು ಮೀರಬಹುದು. ಇದಕ್ಕೆ ಒಳ್ಳೆಯ ಸಾಕ್ಷಿ ನೀಲಗಿರಿ ಬೆಟ್ಟದ ಗ್ಲೆನ್‌ಮಾರ್ಗನ್‌ನಲ್ಲಿದೆ. ಊಟಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದವರು ಅಲ್ಲಿ ಶೋಲಾ ಕಾಡು, ಹುಲ್ಲುಗಾವಲುಗಳಿದ್ದ ಎರಡು ಸಣ್ಣ ಕಣಿವೆಗಳನ್ನು ಆರಿಸಿ, ಕೆಲವು ವರ್ಷ ಎರಡರ ಹರಿವನ್ನೂ ಅಳೆದರು. 1972ರಲ್ಲಿ ಒಂದು ಕಣಿವೆಯ ಶೇಕಡಾ 59 ಭಾಗಕ್ಕೆ ನೀಲಗಿರಿ ಮರ ನೆಟ್ಟು ಇನ್ನೊಂದನ್ನು ಹಾಗೆಯೇ ಬಿಟ್ಟರು. ಮೊದಲ ಹತ್ತು ವರ್ಷದಲ್ಲಿ ನೆಟ್ಟ ಕಣಿವೆಯಿಂದ ಬರುವ ನೀರು ಶೇಕಡಾ 16ರಷ್ಟು ಇಳಿಯಿತು. ಕಡಿದ ಬೊಡ್ಡೆ ಚಿಗುರಿ ಬೆಳೆದ ಎರಡನೆಯ ಸರದಿಯಲ್ಲಿ ಸುಮಾರು ಕಾಲು ಭಾಗ ಇಳಿಯಿತು. ಹುಲ್ಲಿನ ಬೇರು ಮೇಲೆಯೇ ಇರುತ್ತದೆ, ಬೇಸಿಗೆಯಲ್ಲಿ ಹುಲ್ಲು ಒಣಗಿ ಕುಡಿಯುವುದನ್ನು ನಿಲ್ಲಿಸುತ್ತದೆ. ವರ್ಷವಿಡೀ ಹಸಿರಾಗಿ ವೇಗವಾಗಿ ಬೆಳೆಯುವ ಮರ ಆಳದ ನೀರನ್ನೂ ಬಿಡುವುದಿಲ್ಲ.

ನಮ್ಮ ಬ್ಯಾಣದ ಮೇಲೆ ಒತ್ತೊತ್ತಾಗಿ ಅಕೇಶಿಯಾ ನೆಡುವವರು ಇದನ್ನು ಯೋಚಿಸಬೇಕು. ಹುಲ್ಲು ಚೆನ್ನಾಗಿರುವ ಬ್ಯಾಣ ಪಾಳುಭೂಮಿಯಲ್ಲ. ಅದರ ಖರ್ಚು ಕಡಿಮೆ, ಜಮಾ ಮಧ್ಯಮ. ದನ ತುಳಿದು, ಬೆಂಕಿ ಬಿದ್ದು ಬೋಳಾಗಿರುವ ಬ್ಯಾಣದ ಮಾತು ಬೇರೆ. ಅಲ್ಲಿ ಜಮೆಯೇ ಇಲ್ಲವಾದ್ದರಿಂದ ಅಂತರ ಕೊಟ್ಟು ನೆಟ್ಟ ನೇರಳೆ, ಹೊನ್ನೆ, ಮತ್ತಿ, ಮುರುಗಲು ಮೊದಲಾದ ಊರಮರಗಳು ಖರ್ಚಿಗಿಂತ ಹೆಚ್ಚು ಗಳಿಸಿಕೊಡಬಹುದು. ಎಲ್ಲ ಜಾಗಕ್ಕೂ ಒಂದೇ ಉತ್ತರ ಹೇಳುವವರನ್ನು ನಂಬಬೇಡಿ, ಅವರು ಸರ್ಕಾರದವರಾಗಲಿ ಪರಿಸರದವರಾಗಲಿ.

ಗದ್ದೆಯ ಬಗ್ಗೆ ಒಂದೇ ಮಾತು. ಬದು ಕಟ್ಟಿ ಮೂರು ನಾಲ್ಕು ತಿಂಗಳು ನೀರು ನಿಲ್ಲಿಸುತ್ತಿದ್ದ ಗದ್ದೆಯನ್ನು ತೋಟ ಮಾಡುವಾಗ ಆಳದ ಬಸಿಗಾಲುವೆ ತೆಗೆಯುತ್ತೇವೆ. ಅಡಿಕೆಯ ಬೇರಿಗೆ ಅದು ಬೇಕೇ ಬೇಕು. ಆದರೆ ಸುತ್ತಲಿನ ನೆಲದ ನೀರಿನ ಮಟ್ಟವೂ ಆ ಕಾಲುವೆಯ ತಳಕ್ಕೆ ಇಳಿಯುತ್ತದೆ. ಮಳೆ ನಿಂತ ಮೇಲೆ, ದೀಪಾವಳಿಯ ಹೊತ್ತಿಗೆ, ಬಸಿಗಾಲುವೆಗೆ ಅಲ್ಲಲ್ಲಿ ಮಣ್ಣಿನ ಮೂಟೆ ಇಟ್ಟು ಕಟ್ಟ ಹಾಕಿದರೆ ಸ್ವಲ್ಪ ಮಟ್ಟಿಗೆ ತಡೆಯಬಹುದು.

ದರಗಿನ ಪ್ರಶ್ನೆ

ಈಗ ಅಡಿಕೆ ಬೆಳೆಗಾರರಿಗೆ ಸ್ವಲ್ಪ ಕಹಿಯಾಗುವ ವಿಷಯಕ್ಕೆ ಬರುತ್ತೇನೆ. ನಾವು ತಲೆತಲಾಂತರದಿಂದ ತೋಟಕ್ಕೆ ಸೊಪ್ಪು, ದರಗು ಹೊದಿಸುತ್ತಾ ಬಂದವರು. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದ ಬಂದದ್ದು ಇದಕ್ಕಾಗಿಯೇ. ತೋಟಕ್ಕೆ ಹೊದಿಕೆ ಒಳ್ಳೆಯದು ಎಂಬುದರಲ್ಲಿ ಎರಡು ಮಾತಿಲ್ಲ. ಅಡಿಕೆಯ ಬೇರಿನ ಬಹುಪಾಲು ಬುಡದಿಂದ ಮೂರಡಿ ಸುತ್ತ, ಎರಡಡಿ ಆಳದೊಳಗೆ ಇರುವುದರಿಂದ ಅಲ್ಲಿನ ಬಿಸಿಲು ತಪ್ಪಿಸಿದರೆ ಹಾಕಿದ ನೀರು ಉಳಿಯುತ್ತದೆ.

ಆದರೆ ತೋಟಕ್ಕೆ ಹೊದಿಸಿದ್ದು ಬೆಟ್ಟದ ಮೈಮೇಲಿನ ಹೊದಿಕೆಯನ್ನೇ. ಹಿಂದೆ ಒಂಬತ್ತು ಎಕರೆಯಲ್ಲಿ ಹರಡಿಕೊಳ್ಳುತ್ತಿದ್ದ ಭಾರ ಈಗ ಪಾಲಾಗಿ, ಒತ್ತುವರಿಯಾಗಿ, ಎಷ್ಟೋ ಮನೆಗಳಲ್ಲಿ ಒಂದೆರಡು ಎಕರೆಯ ಮೇಲೆ ಬಿದ್ದಿದೆ. ಮಾಘ ಫಾಲ್ಗುಣದಲ್ಲಿ ದರಗು ಗುಡಿಸಿದ ಬೆಟ್ಟ ಕಸಬರಿಕೆ ಹಿಡಿದ ಜಗಲಿಯಂತೆ ಕಾಣುತ್ತದೆ. ಅದರ ಮೇಲೆ ನೇರವಾಗಿ ಭರಣಿ, ಕೃತ್ತಿಕೆಯ ಗುಡುಗು ಮಳೆ. ಆ ಮಳೆಗಳೇ ನೆಲವನ್ನು ಮುಚ್ಚಿಬಿಡುತ್ತವೆ. ಹೊಸ ದರಗು ಬೀಳುವುದು ಮತ್ತೆ ಮುಂದಿನ ಚಳಿಗಾಲಕ್ಕೆ. ಅಲ್ಲಿಗೆ ಇಡೀ ಮಳೆಗಾಲ ಬೆಟ್ಟ ಬೆತ್ತಲೆ. ತೋಟದಲ್ಲಿ ಉಳಿಸಿದ ನೀರಿಗಿಂತ ಬೆಟ್ಟದಲ್ಲಿ ಕಳೆದುಕೊಂಡ ನೀರು ಹೆಚ್ಚಾಗುವ ಸಾಧ್ಯತೆ ಇದೆ. ಬತ್ತಿದ ಅಬ್ಬಿಗೆ ಕೊಳವೆಬಾವಿ ತೋಡಿಸುವ ಮೊದಲು ಅಬ್ಬಿಯ ನೆತ್ತಿಯಲ್ಲಿ ಏನಿದೆ ಎಂದು ಹತ್ತಿ ನೋಡಿ ಬರುವುದು ಲೇಸು. ಖರ್ಚಿಲ್ಲದ ಕೆಲಸ.

ದರಗು ಗುಡಿಸುವುದನ್ನೇ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಬೆಟ್ಟವನ್ನು ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ ವಿಂಗಡಿಸಿ, ಒಂದು ಪಟ್ಟಿ ಗುಡಿಸಿದರೆ ಅದರ ಕೆಳಗಿನದನ್ನು ಮುಟ್ಟಬೇಡಿ. ಮುಂದಿನ ವರ್ಷ ಅದಲು ಬದಲು ಮಾಡಿ. ಮೇಲಿನಿಂದ ಓಡಿಬಂದ ನೀರು ಕೆಳಗಿನ ದರಗಿನ ಪಟ್ಟಿಯಲ್ಲಿ ನಿಂತು ಇಂಗುತ್ತದೆ, ಮಣ್ಣೂ ಅಲ್ಲೇ ಉಳಿಯುತ್ತದೆ. ಬೆಟ್ಟದ ನೆತ್ತಿಯನ್ನೂ ಅಬ್ಬಿಯ ಹಿಂದಿನ ಹತ್ತಿಪ್ಪತ್ತು ಮಾರು ಜಾಗವನ್ನೂ ಎಂದೂ ಗುಡಿಸಬೇಡಿ. ಕಡಿಮೆ ಬಿದ್ದ ಹೊದಿಕೆಗೆ ತೋಟದ ಸೋಗೆ, ಹಾಳೆ, ಅಡಿಕೆ ಸಿಪ್ಪೆ ಇವೆ. ಸೋಗೆಯನ್ನು ಒಟ್ಟಿ ಸುಡುವವರು ಇನ್ನೂ ಇದ್ದಾರೆಂಬುದು ಆಶ್ಚರ್ಯ. ಬೇಲಿಸಾಲಿಗೆ ಗೊಬ್ಬರದ ಗಿಡ ಹಾಕಿದರೆ ಮೂರನೆಯ ವರ್ಷದಿಂದ ಸೊಪ್ಪು ಸಿಗುತ್ತದೆ.

ಕಾಫಿಯ ನೆರಳು

ಕಾಫಿ ತೋಟದಲ್ಲಿ ಹೊದಿಕೆ ಎರಡು ಅಂತಸ್ತಿನದು, ಮೇಲೆ ನೆರಳಿನ ಮರ, ಕೆಳಗೆ ಎಲೆ ಹಾಸು. ಕಾಡುಮರದ ತೋಟವನ್ನು ಸಿಲ್ವರ್ ತೋಟ ಮಾಡುವುದಕ್ಕೆ ಕಾರಣಗಳು ಗೊತ್ತಿದ್ದದ್ದೇ. ಸಿಲ್ವರ್ ಬೇಗ ಬೆಳೆಯುತ್ತದೆ, ಕಡಿಯಲು ತಕರಾರು ಕಡಿಮೆ, ಮೆಣಸಿನ ಬಳ್ಳಿಗೆ ನೆಟ್ಟಗಿನ ಕಾಂಡ. ತೇವದ ದೃಷ್ಟಿಯಿಂದ ನೋಡಿದರೆ ಅದರ ನೆರಳು ತೆಳು, ಎಲೆ ಒರಟು, ಬೇಗ ಕೊಳೆಯುವುದಿಲ್ಲ. ಅತ್ತಿ, ಬಸರಿ, ಹಾಲುವಾಣಗಳ ಎಲೆ ಮೆತ್ತಗೆ ಮಣ್ಣಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸದೆ ಮಿಶ್ರವಾಗಿ ಉಳಿಸಿಕೊಂಡವರು ಬುದ್ಧಿವಂತರು ಎಂಬುದು ನನ್ನ ಅಭಿಪ್ರಾಯ.

ನೆರಳು ಹೆಚ್ಚಾದಷ್ಟೂ ತೇವ ಹೆಚ್ಚು ಎಂದೂ ತಿಳಿಯಬಾರದು. ಕೋಸ್ಟಾರಿಕಾದಲ್ಲಿ ಅಳತೆ ಮಾಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಕಾಫಿ ಮತ್ತು ನೆರಳಿನ ಮರ ಸೇರಿ ಕುಡಿಯುವ ನೀರು ಬಯಲು ಕಾಫಿ ಕುಡಿಯುವುದಕ್ಕಿಂತ ಹೆಚ್ಚೇ. ಆದರೆ ಅಲ್ಲಿಗಿಂತ ನಮ್ಮ ಬೇಸಿಗೆ ದೀರ್ಘ, ಬಿಸಿಲು ನೇರವಾಗಿ ಬುಡಕ್ಕೆ ಬಿದ್ದರೆ ಗಿಡವೇ ಬಾಡುತ್ತದೆ. ಆದ್ದರಿಂದ ಮರಗಸಿಯ ಕಾಲವನ್ನು ತಪ್ಪಿಸಬೇಡಿ. ಮುಂಗಾರಿಗೆ ಮೊದಲು ನೆರಳು ಬಿಡಿಸಿದರೆ ಮಳೆಗಾಲದಲ್ಲಿ ಬೆಳಕು, ಬೇಸಿಗೆಯ ಹೊತ್ತಿಗೆ ಮತ್ತೆ ಚಿಗುರು. ಕೊಯಿಲು ಮುಗಿದ ಕೂಡಲೆ ಆಳುಗಳು ಸಿಕ್ಕರೆಂದು ಫೆಬ್ರವರಿಯಲ್ಲಿ ಬೋಳಿಸಿದರೆ ಹೂಮಳೆಯ ಮೊದಲೇ ನೆಲ ಕಾದು ಹೋಗುತ್ತದೆ.

ಹೂಮಳೆಯದೇ ಒಂದು ಲೆಕ್ಕವಿದೆ. ರೊಬಸ್ಟಾಕ್ಕೆ ಒಂದು ಒಂದೂವರೆ ಅಂಗುಲ ಬಂದರೆ ಹೂ ಬಿಡುತ್ತದೆ. ಮುಂದಿನ ಬ್ಯಾಕಿಂಗ್ ಮಳೆಯವರೆಗೆ ಆ ತೇವದಲ್ಲೇ ಅದು ಬದುಕಬೇಕು. ಹೀರುವ ಬೇರು ಹೆಚ್ಚಾಗಿ ಮೇಲಿನ ಒಂದಡಿಯಲ್ಲಿದೆ. ಮಾರ್ಚಿ ಏಪ್ರಿಲ್ ಬಿಸಿಲಿನಲ್ಲಿ ತೆರೆದ ಪಾತ್ರೆಯ ನೀರು ದಿನಕ್ಕೆ ನಾಲ್ಕೈದು ಮಿಲಿಮೀಟರ್ ಆರುತ್ತದೆ. 25 ಮಿಲಿಮೀಟರ್ ಮಳೆ ಬರಿ ನೆಲದ ಮೇಲ್ಪದರದಲ್ಲಿ ಎಷ್ಟು ದಿನ ನಿಂತೀತು ಎಂಬುದನ್ನು ಓದುಗರೇ ಊಹಿಸಬಹುದು. ಸ್ಪ್ರಿಂಕ್ಲರಿನಲ್ಲಿ ಕೊಟ್ಟ ದುಬಾರಿ ನೀರಿಗೂ ಇದೇ ಗತಿ. ಎಲೆ ಹಾಸು ಎರಡು ಮೂರು ಅಂಗುಲ ದಪ್ಪವಿದ್ದಲ್ಲಿ ಆರುವುದು ನಿಧಾನವಾಗುತ್ತದೆ.

ಕಳೆನಾಶಕ ಹೊಡೆದು ನೆಲವನ್ನು ಅಂಗಳದಂತೆ ಮಾಡಿ ತೋರಿಸುವುದು ಈಗ ಕೆಲವರಿಗೆ ಪ್ರತಿಷ್ಠೆಯಾಗಿದೆ. ಮಳೆಗಾಲದಲ್ಲಿ ಕಳೆಯನ್ನು ಬೇರುಸಹಿತ ತೆಗೆಯದೆ ಕತ್ತಿಯಲ್ಲಿ ಸವರಿಬಿಟ್ಟರೆ ಸಾಕು. ಮಳೆ ಹಿಂದಾದ ಮೇಲೆ ಅದೇ ಕಳೆ ಖರ್ಚಿನ ಬದಿಗೆ ಸೇರುತ್ತದೆ. ಆಗ ಸವರಿ ಬುಡಕ್ಕೆ ಹಾಸಬೇಕು. ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ಒಂದೂವರೆ ಅಡಿ ಆಳ, ಒಂದಡಿ ಅಗಲದ ತೊಟ್ಟಿಲುಗುಂಡಿ ತೆಗೆಸಿ, ತುಂಬಿದ ಎಲೆಯನ್ನು ಅಲ್ಲೇ ಕೊಳೆಯಲು ಬಿಡಿ.

ಒಂದು ಎಚ್ಚರಿಕೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲೂ 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆಯಲ್ಲೂ ಗುಡ್ಡ ಜಾರಿದ್ದನ್ನು ಮರೆಯಬಾರದು. ನೀರಿಂಗಿಸುವ ಉತ್ಸಾಹದಲ್ಲಿ ಕಡಿದಾದ ಗುಡ್ಡದ ಮೇಲೆ, ವಿಶೇಷವಾಗಿ ಮನೆಗೋ ರಸ್ತೆಗೋ ಬುಡ ಕಡಿದಿರುವ ಧರೆಯ ನೆತ್ತಿಯಲ್ಲಿ, ದೊಡ್ಡ ಇಂಗುಗುಂಡಿ ತೆಗೆಯುವುದು ಅಪಾಯ. ಅಂಥಲ್ಲಿ ನೀರು ಸುರಕ್ಷಿತವಾಗಿ ಹರಿದುಹೋಗಲು ದಾರಿ ಮಾಡಿ, ಬೇರು ಹಿಡಿಯುವ ಮರ ಉಳಿಸುವುದೇ ಕೆಲಸ. ಗುಂಡಿ ಬೇಕಾದದ್ದು ಸಾಧಾರಣ ಇಳಿಜಾರಿಗೆ.

ಡಬ್ಬಿಯ ಪರೀಕ್ಷೆ

ಮೇಲಿನದನ್ನೆಲ್ಲ ನಂಬಬೇಕಾಗಿಲ್ಲ, ಅಳೆದು ನೋಡಬಹುದು. ಆರು ಅಂಗುಲ ಅಗಲದ ತಗಡಿನ ಡಬ್ಬಿಯ ಎರಡೂ ಮುಚ್ಚಳ ಕತ್ತರಿಸಿ ತೆಗೆಯಿರಿ. ನೆಲದ ದರಗನ್ನು ಕೈಯಿಂದ ಸರಿಸಿ, ಡಬ್ಬಿಯ ಮೇಲೆ ಹಲಗೆ ಇಟ್ಟು ಬಡಿದು ಎರಡು ಅಂಗುಲ ಇಳಿಸಿ. ಒಂದು ಲೀಟರ್ ನೀರು ಹೊಯ್ಯಿರಿ. ಅದು ಎರಡು ಅಂಗುಲ ಮಳೆಗೆ ತುಸು ಹೆಚ್ಚೇ ಆಗುತ್ತದೆ. ಮೊದಲ ಲೀಟರ್ ಒಣಮಣ್ಣು ನೆನೆಯಲು ಹೋಗುವುದರಿಂದ ಲೆಕ್ಕಕ್ಕಿಲ್ಲ. ಅದು ಇಂಗಿದ ಮೇಲೆ ಎರಡನೆಯ ಲೀಟರ್ ಹೊಯ್ದು, ಪೂರ್ತಿ ಇಂಗಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ನೋಡಿ ಬರೆದಿಡಿ. ಕಾಡಿನ ಅಂಚು, ಗುಡಿಸಿದ ಬೆಟ್ಟ, ಗುಡಿಸದ ಬೆಟ್ಟ, ಅಕೇಶಿಯಾ ಅಡಿ, ಯಂತ್ರ ಓಡಿದ ಜಾಗ, ಹೀಗೆ ಒಂದೊಂದರಲ್ಲಿ ಮೂರು ಕಡೆ ಮಾಡಿ.

ಖರ್ಚಿನ ಬದಿಗೆ ಇನ್ನೊಂದು ಪರೀಕ್ಷೆ. ಮಳೆಯಿಲ್ಲದೆ ಹದಿನೈದು ದಿನ ಕಳೆದ ಮೇಲೆ ಒಂಬತ್ತು ಅಂಗುಲ ಆಳದಿಂದ 200 ಗ್ರಾಂ ಮಣ್ಣು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ. ಸಣ್ಣ ಉರಿಯಲ್ಲಿ ಹಳೆಯ ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿ ತೂಗಿ. ದೋಸೆಯ ಕಾವಲಿಯನ್ನು ಮುಟ್ಟಿದರೆ ಮನೆಯಲ್ಲಿ ಆಗುವ ಪರಿಣಾಮಕ್ಕೆ ಸಂಘ ಹೊಣೆಯಲ್ಲ. ಉದಾಹರಣೆಗೆ 200 ಗ್ರಾಂ ಹೋಗಿ 160 ಉಳಿದರೆ ಇಂಗಿದ್ದ ನೀರು 40 ಗ್ರಾಂ. 160ಕ್ಕೆ 40 ಎಂದರೆ ಶೇಕಡಾ 25 ತೇವ. ಹೊದಿಕೆ ಇರುವಲ್ಲಿ ಮತ್ತು ಇಲ್ಲದಲ್ಲಿ ಒಂದೇ ದಿನ ತೆಗೆದರೆ ಮಾತ್ರ ಹೋಲಿಕೆಗೆ ಅರ್ಥ.

ಡಬ್ಬಿಯ ಪರೀಕ್ಷೆಯನ್ನು ದೀಪಾವಳಿ ಕಳೆದ ಮೇಲೊಮ್ಮೆ, ದರಗು ಗುಡಿಸಿದ ಮೇಲೊಮ್ಮೆ ಮಾಡಿರಿ. ಜಾಗದ ಹೆಸರು, ಹೊದಿಕೆಯ ಬಗೆ, ನಿಮಿಷ, ತೇವದ ಶೇಕಡಾವನ್ನು ಕಾಗದದಲ್ಲಿ ಬರೆದು ಗೊಬ್ಬರ ಕೊಳ್ಳಲು ಬಂದಾಗ ಕಛೇರಿಯಲ್ಲಿ ಕೊಟ್ಟರೆ ಸದಸ್ಯರ ಹೆಸರು ಹಾಕದೆ ಊರುವಾರು ಪಟ್ಟಿ ಮಾಡಿ ಏಪ್ರಿಲ್ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು. ತೂಕದ ಸಣ್ಣ ತಕ್ಕಡಿ ಇಲ್ಲದವರು ಮಣ್ಣನ್ನು ಕಟ್ಟಿ ತಂದರೆ ಕಛೇರಿಯ ಮೆಣಸು ತೂಗುವ ತಕ್ಕಡಿಯಲ್ಲಿ ಬುಧವಾರ ಬೆಳಿಗ್ಗೆ ತೂಗಿ ಕೊಡುತ್ತೇವೆ. ಇಳಿಜಾರು ಬಿಡಿಸುವ ಸಾಲದ ಅರ್ಜಿ ಹಾಕಿರುವವರು ಈ ಎರಡು ಅಂಕಿಗಳನ್ನು ತಂದರೆ ಅರ್ಜಿಯ ಜೊತೆ ಇಟ್ಟು ಆಡಳಿತ ಮಂಡಳಿಯ ಮುಂದೆ ಓದಿ ಹೇಳುವೆನು.